ಬೆರಳೆತ್ತಿದರೆ ಏಳುವ ಗಂಟು

ಅಲ್ಟ್ರಾಸೌಂಡ್ ಯಂತ್ರದ ಜೊತೆಗೆ ಚರ್ಮದ ಕೆಳಗೇ ಇರುವುದನ್ನು ತೋರಿಸುವ ಚಪ್ಪಟೆ ಪ್ರೋಬೊಂದನ್ನೂ ಡಾ. ಶಿಲ್ಪಾ ಹಟ ಹಿಡಿದು ಖರೀದಿಸಿದ್ದಳು. ಚಳ್ಳಕೆರೆಯಲ್ಲಿ ಅದರಿಂದ ಏನನ್ನು ನೋಡುತ್ತೀಯಮ್ಮ ಎಂದು ಮಾವ ಶಾಂತವೀರಪ್ಪನವರು ಕೇಳಿದ್ದರು. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಬಳ್ಳಾರಿ ರಸ್ತೆಯಲ್ಲಿ ಅವರದೇ ಎಣ್ಣೆ ಮಿಲ್ಲಿನ ಮುಂಭಾಗದ ಎರಡು ಕೋಣೆಗಳಲ್ಲಿ ತೆರೆದ ಆ ಸ್ಕ್ಯಾನಿಂಗ್ ಸೆಂಟರಿಗೆ ಬರುತ್ತಿದ್ದವರು ಬಹುಪಾಲು ಬಸುರಿಯರು. ಉಳಿದವರು ಕಿಡ್ನಿ ಕಲ್ಲಿನವರು. ಚಪ್ಪಟೆ ಪ್ರೋಬು ಯಾರದಾದರೂ ಕುತ್ತಿಗೆಯ ಗಂಟು ನೋಡಲು ಅಪರೂಪಕ್ಕೆ ಕೆಳಗಿಳಿಯುತ್ತಿತ್ತು. ಉಳಿದಂತೆ ಅದು ಕೊಕ್ಕೆಯಲ್ಲೇ ಇರುತ್ತಿತ್ತು.

2003ರ ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಗುರುವಾರ, ಆ ಪ್ರೋಬಿಗೆ ಕೆಲಸ ಬಂತು. ಎದುರುಗಡೆ ನರ್ಸಿಂಗ್ ಹೋಮ್ ನಡೆಸುತ್ತಿದ್ದ ಸರ್ಜನ್ ಜಂಬುಲಿಂಗಪ್ಪನವರು ಒಬ್ಬ ಹುಡುಗಿಯನ್ನು ಚೀಟಿ ಕೊಟ್ಟು ಕಳಿಸಿದ್ದರು. ಬಲಗೈಯ ಮೇಲ್ಬದಿಯಲ್ಲಿ ಗಂಟು ಇದೆ, ಸೂಜಿ ಚುಚ್ಚಿ ಎಳೆದರೆ ನೀರು ಬರಲಿಲ್ಲ, ರಕ್ತ ಬಂತು, ನಾಳೆ ಕೊಯ್ದು ತೆಗೆಯುವವನಿದ್ದೇನೆ, ಅದಕ್ಕೆ ಮೊದಲು ಒಳಗೆ ಏನಿದೆ ನೋಡಿ ಹೇಳಿ ಎಂದು ಅವರು ಬರೆದಿದ್ದರು.

ಹುಡುಗಿಯ ಹೆಸರು ಗಂಗಲಕ್ಷ್ಮಿ. ವಯಸ್ಸು ಇಪ್ಪತ್ತೆರಡು. ಊರು ಸಿದ್ದಾಪುರದ ಪಕ್ಕದ ಒಂದು ಹಟ್ಟಿ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯಿಸುವವರೊಬ್ಬರ ಮನೆಯಲ್ಲಿ ಕೂಲಿ ಮಗ್ಗಕ್ಕೆ ಹೋಗುತ್ತಿದ್ದಳು. ಹಟ್ಟಿಯಿಂದ ಮಗ್ಗಕ್ಕೆ ಹೋದ ಮೊದಲ ಹೆಣ್ಣುಮಗಳು ಅವಳೇ ಎಂದು ಜೊತೆಗೆ ಬಂದಿದ್ದ ತಂದೆ ಪಾತಣ್ಣ ಹೇಳಿದ. ಹೇಳಿದ ರೀತಿಯಲ್ಲಿ ಹೆಮ್ಮೆಯೂ ಇರಲಿಲ್ಲ, ದೂರೂ ಇರಲಿಲ್ಲ. ಪಾತಣ್ಣ ಕಿಲಾರಿ, ಅಂದರೆ ಹಟ್ಟಿಯ ಕುಲದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವವನು. ಯಾರೂ ಹೂಡದ, ಯಾರೂ ಮಾರದ ಆ ಎತ್ತುಗಳನ್ನು ಬ್ರಹ್ಮಗಿರಿಯ ಸುತ್ತಿನ ಗುಡ್ಡಗಳಲ್ಲಿ ಮೇಯಿಸಿಕೊಂಡು ಅವನ ಆಯುಷ್ಯ ಕಳೆದಿತ್ತು. ಅವನಪ್ಪನೂ ಅದನ್ನೇ ಮಾಡಿದ್ದನಂತೆ. ಒಳಗೆ ಬರುವಾಗ ಯಾರೂ ಹೇಳದಿದ್ದರೂ ಚಪ್ಪಲಿ ಬಿಟ್ಟು, ಗೋಡೆಗೆ ಒರಗದೆ ನಿಂತಿದ್ದ.

ಗಂಟಿನ ಕತೆಯನ್ನು ಅವನೇ ಹೇಳಿದ. ವರ್ಷದ ಹಿಂದೆ ಮಗಳು ಕೈ ನೋಯುತ್ತದೆ ಅಂದಳು. ನೋಡಿದರೆ ತೋರುಬೆರಳಿನ ಬುಡದಿಂದ ಮಣಿಕಟ್ಟಿನ ಕಡೆಗೆ ಒಂದು ಉಬ್ಬು. ವಿಚಿತ್ರವೆಂದರೆ ಅದು ಮಗ್ಗದ ಮುಂದೆ ಕೂತಾಗ ಏಳುತ್ತಿತ್ತು, ಮನೆಗೆ ಬಂದರೆ ಇಳಿಯುತ್ತಿತ್ತು. ಮಗ್ಗಕ್ಕೆ ಹೋಗದ ಹಬ್ಬದ ದಿನಗಳಲ್ಲಿ ಕಾಣಿಸುತ್ತಲೇ ಇರಲಿಲ್ಲ. ದೇವರ ಪೂಜೆ ಮಾಡುವ ಬೋರಯ್ಯ ಒಂದು ದಿನ ಮೊಳಕಾಲ್ಮುರಿಗೆ ಹೋದವನು ನೇಯುವ ಮನೆಯ ಕಿಟಕಿಯಿಂದ ಇದನ್ನು ಕಣ್ಣಾರೆ ಕಂಡ. ಹುಡುಗಿ ಎಳೆ ಎತ್ತಿದಂತೆಲ್ಲ ಗಂಟು ಎದ್ದಿತು. ಅವನಿಗೆ ಮತ್ತೇನೂ ಬೇಕಾಗಲಿಲ್ಲ. ದೇವರ ಎತ್ತು ಕಾಯುವ ಮನೆಯವರು ಹುಳ ಕೊಂದು ತೆಗೆದ ನೂಲನ್ನು ಮುಟ್ಟಿದ್ದಕ್ಕೆ ದೇವರು ಗುರುತು ಎಬ್ಬಿಸಿದ್ದಾನೆ ಎಂದು ಹೇಳಿದ. ಗುರುತು ಹೋಗುವವರೆಗೆ ಹುಡುಗಿ ಮಗ್ಗ ಮುಟ್ಟುವ ಹಾಗಿಲ್ಲ. ಅಂಥ ಕಟ್ಟಳೆ ಹಿಂದಿನಿಂದ ಇತ್ತೋ, ಬೋರಯ್ಯ ಅವತ್ತೇ ಮಾಡಿದನೋ ಪಾತಣ್ಣನಿಗೆ ಗೊತ್ತಿರಲಿಲ್ಲ. ಹೇಳಿದ ಮೇಲೆ ಅದು ಕಟ್ಟಳೆಯೇ.

"ಕೊಯ್ಸಿ ತೆಗೆಸಿದ್ರೂ ಗುರುತು ಹೋದಂಗೇ ಅಂತ ಬೋರಯ್ಯ ಒಪ್ಪವ್ನೆ. ಅದಕ್ಕೇ ಬಂದ್ವಿ," ಎಂದು ಪಾತಣ್ಣ ಮುಗಿಸಿದ.

ಶಿಲ್ಪಾ ಹುಡುಗಿಯ ಕೈಯನ್ನು ದಿಂಬಿನ ಮೇಲೆ ಬೋರಲು ಇಡಿಸಿ, ಜೆಲ್ ಹಚ್ಚಿ ಪ್ರೋಬು ಇಟ್ಟಳು. ಕೀಲಿನ ಹತ್ತಿರ ಬರುವ ಸಾಮಾನ್ಯ ಗಂಟಾಗಿದ್ದರೆ ಒಳಗೆ ನೀರಿನಂಥ ದ್ರವ ಇರುತ್ತದೆ, ತೆರೆಯ ಮೇಲೆ ಅಪ್ಪಟ ಕಪ್ಪಾಗಿ ಕಾಣುತ್ತದೆ. ಇದು ಹಾಗಿರಲಿಲ್ಲ. ನಡುವೆ ದಪ್ಪ, ಎರಡೂ ತುದಿಗಳಲ್ಲಿ ಸಪೂರ, ಕದಿರಿನ ಆಕಾರ. ಬೂದು ಬಣ್ಣದೊಳಗೆ ಉದ್ದಕ್ಕೆ ಬಿಳಿ ಗೆರೆಗಳು. ದುರ್ಮಾಂಸದ ಗಡ್ಡೆಗೆ ಇಷ್ಟು ಅಚ್ಚುಕಟ್ಟಾದ ಗೆರೆಗಳಿರುವುದು ಕಷ್ಟ. ಮಾಂಸಖಂಡಕ್ಕೆ ಇರುತ್ತವೆ. ಆದರೆ ಆ ಜಾಗದಲ್ಲಿ ಮಾಂಸಖಂಡ ಇರಬಾರದು. ಕೈಯ ಮೇಲ್ಬದಿಯಲ್ಲಿ ಬೆರಳುಗಳನ್ನು ಎತ್ತುವ ಹಗ್ಗದಂಥ ಸ್ನಾಯುರಜ್ಜುಗಳು ಮಾತ್ರ ಹಾಯುತ್ತವೆ. ಅವನ್ನು ಎಳೆಯುವ ಮಾಂಸ ಎಲ್ಲರಿಗೂ ಮೊಣಕೈಯ ಕಡೆಗಿರುತ್ತದೆ.

ಎಲ್ಲರಿಗೂ ಅಲ್ಲ. ನೂರರಲ್ಲಿ ಇಬ್ಬರಿಗೋ ಮೂವರಿಗೋ ಅಲ್ಲೊಂದು ಹೆಚ್ಚಿನ ಪುಟ್ಟ ಸ್ನಾಯು ಹುಟ್ಟಿನಿಂದಲೇ ಇರುತ್ತದೆ ಎಂದು ಶಿಲ್ಪಾ ಓದಿದ್ದಳು. ಓದಿದ್ದಳಷ್ಟೆ, ಕಂಡಿರಲಿಲ್ಲ. ಕಲಿತ ಕಾಲೇಜಿನಲ್ಲಿ ಯಾರೂ ತೋರಿಸಿರಲಿಲ್ಲ. ಗಂಟೆಂದು ತಿಳಿದು ಅದನ್ನು ಕೊಯ್ದವರ ಕತೆಗಳೂ ಅದೇ ಪುಟದಲ್ಲಿದ್ದವು. ಆ ಸ್ನಾಯು ಇರುವ ಎಷ್ಟೋ ಜನರಿಗೆ ತೋರುಬೆರಳನ್ನು ಒಂಟಿಯಾಗಿ ಎತ್ತುವ ಮಾಮೂಲಿ ಸ್ನಾಯು ಇರುವುದಿಲ್ಲ. ಇದೇ ಅದರ ಕೆಲಸ ಮಾಡುತ್ತಿರುತ್ತದೆ. ಕೊಯ್ದು ಬಿಸಾಡಿದರೆ ಆ ಬೆರಳು ಉಳಿದ ಬೆರಳುಗಳ ಜೊತೆ ಏಳಬಹುದೇ ಹೊರತು ತಾನಾಗಿ ಏಳುವುದಿಲ್ಲ.

ಖಚಿತ ಮಾಡಿಕೊಳ್ಳಲು ದಾರಿಯಿತ್ತು. ಗಡ್ಡೆಯಾದರೆ ಬೆರಳು ಎತ್ತಿದರೂ ಸುಮ್ಮನಿರುತ್ತದೆ. ಸ್ನಾಯುವಾದರೆ ಕುಗ್ಗಿ ದಪ್ಪಗಾಗುತ್ತದೆ. ಮಣಿಕಟ್ಟು ಬಗ್ಗಿಸಿ ತೋರುಬೆರಳು ಮೇಲೆತ್ತು ಎಂದಳು ಶಿಲ್ಪಾ. ಗಂಗಲಕ್ಷ್ಮಿ ಎತ್ತಲಿಲ್ಲ. ನೋವು ಅಂದಳು. ಸ್ವಲ್ಪವೇ ಎತ್ತು ಅಂದರೆ ಆಗಲ್ಲ ಅಂದಳು. ಆದರೆ ಕೈಯಲ್ಲಿ ಪ್ರಯತ್ನದ ಸುಳಿವೇ ಇರಲಿಲ್ಲ. ನೋಯುವ ಬೆರಳನ್ನು ಎತ್ತಲು ಹೋದವರ ಮುಖದಲ್ಲಿ ಏನಾದರೂ ಕಾಣಿಸುತ್ತದೆ. ಇವಳ ಮುಖ ಬಾಗಿಲು ಹಾಕಿದಂತಿತ್ತು.

ಶಿಲ್ಪಾ ಪಾತಣ್ಣನನ್ನು ಹೊರಗಿನ ಬೆಂಚಿನ ಮೇಲೆ ಕೂರಲು ಕಳಿಸಿದಳು. ಕೇಂದ್ರದ ಆಯಾ ಸುಲೋಚನಮ್ಮ ಬಾಗಿಲು ಮುಂದೆ ಮಾಡಿದಳು.

ನಾಳೆ ಕೊಯ್ಯಲಿರುವುದು ಗಡ್ಡೆಯಲ್ಲ, ನಿನ್ನದೇ ಬೆರಳಿನ ಮಾಂಸ ಇರಬಹುದು ಎಂದು ಶಿಲ್ಪಾ ಬಿಡಿಸಿ ಹೇಳಿದಳು. ಹುಡುಗಿ ಕೇಳಿಸಿಕೊಂಡಳು. ಆಮೇಲೆ, ತಲೆ ಎತ್ತದೆಯೇ, ವಿಷಯ ಹೇಳಿದಳು. ಮೊದಲು ತೋರಿಸಿದ ರಾಂಪುರದ ಡಾಕ್ಟರ ಮುಂದೆ ಬೆರಳು ಎತ್ತಿ ಇಳಿಸಿ ತೋರಿಸಿದ್ದಳಂತೆ. ಬಂದು ಹೋಗುವ ಗಂಟಿಗೆ ಕತ್ತರಿ ಹಾಕುವುದು ಬೇಡ, ಹಾಗೇ ಬಿಡು ಎಂದು ಅವರು ವಾಪಸು ಕಳಿಸಿದ್ದರು. ಹಾಗಾಗಿ ಚಳ್ಳಕೆರೆಗೆ ಬಂದ ಮೇಲೆ ಕೈಯನ್ನು ಸತ್ತಂತೆ ಇಟ್ಟುಕೊಂಡಿದ್ದಳು. ಜಂಬುಲಿಂಗಪ್ಪನವರ ಮುಂದೆಯೂ ಹಾಗೇ.

"ಎತ್ತಿದ್ರೆ ನೀವೂ ಕೊಯ್ಯಾದು ಬ್ಯಾಡ ಅಂತೀರಿ. ಕೊಯ್ಯಲಿಲ್ಲ ಅಂದ್ರೆ ನಾನು ಮಗ್ಗ ಮುಟ್ಟಂಗಿಲ್ಲ," ಅಂದಳು. "ಕುರಿ ಹಿಂದೆ ಕಳಿಸ್ತಾರೆ, ಇಲ್ಲ ಯಾರ ಹಿಂದಾದ್ರೂ ಕಳಿಸ್ತಾರೆ."

ಮಗ್ಗದಲ್ಲಿ ಈ ಬೆರಳಿನಿಂದ ಏನು ಮಾಡುತ್ತೀ ಎಂದು ಶಿಲ್ಪಾ ಕೇಳಿದಳು. ಸೀರೆಯ ಒಡಲಲ್ಲಿ ಬುಟ್ಟಾ ಹೂ ಬರುವ ಜಾಗಕ್ಕೆ ಬಂದಾಗ ಉದ್ದಕ್ಕೆ ಹಾಸಿದ ಎಳೆಗಳನ್ನು ತೋರುಬೆರಳಿನ ಬೆನ್ನಿನಿಂದ ಎತ್ತಿ ಹಿಡಿಯಬೇಕು, ಕೆಳಗಿನಿಂದ ಜರಿಯ ಪುಟ್ಟ ಉಂಡೆ ತೂರಿಸಬೇಕು; ಬುಟ್ಟಾ ನೇಯುವವರಿಗೆ ಕೂಲಿ ಜಾಸ್ತಿ, ಮೊಳಕಾಲ್ಮುರಿನಲ್ಲಿ ತನ್ನ ವಯಸ್ಸಿನವರಲ್ಲಿ ಅಷ್ಟು ಚೊಕ್ಕ ಎತ್ತುವವರು ಇಲ್ಲ ಎಂದಳು. ಅದನ್ನು ಹೇಳುವಾಗ ಮಾತ್ರ ತಲೆ ಎತ್ತಿದಳು.

"ಕೊಯ್ದ ಮೇಲೆ ಆ ಬೆರಳು ಎಳೆ ಎತ್ತದೇ ಇರಬಹುದು," ಎಂದಳು ಶಿಲ್ಪಾ. "ಈಗ ಎತ್ತಿ ತೋರಿಸಿದರೆ ನಾನು ಖಚಿತವಾಗಿ ಹೇಳಬಲ್ಲೆ. ಇಲ್ಲದಿದ್ದರೆ ಗಟ್ಟಿಯಾದ ಏನೋ ಇದೆ ಅಂತಷ್ಟೇ ಬರೆಯಬೇಕಾಗುತ್ತದೆ. ಅವರು ಕೊಯ್ಯುತ್ತಾರೆ."

ಗಂಗಲಕ್ಷ್ಮಿ ತನ್ನ ಕೈಯನ್ನು ನೋಡಿದಳು. ಆಮೇಲೆ ಮಣಿಕಟ್ಟು ಬಗ್ಗಿಸಿ ಬೆರಳು ಎತ್ತಿದಳು. ಶಿಲ್ಪಾ ಒಂದು ಕೈಯಿಂದ ಆ ಬೆರಳನ್ನು ಕೆಳಕ್ಕೆ ಒತ್ತಿ ಹಿಡಿದಳು. ತೆರೆಯ ಮೇಲೆ ಕದಿರಿನಾಕಾರ ಒಮ್ಮೆಗೇ ಗಿಡ್ಡಗಾಗಿ ಹೊಟ್ಟೆ ಉಬ್ಬಿಸಿತು, ಬಿಳಿ ಗೆರೆಗಳು ಓರೆಯಾದವು. ಬಿಟ್ಟರೆ ಹಳೆಯ ಆಕಾರಕ್ಕೆ ಮರಳಿತು. ಮತ್ತೆ ಎತ್ತಿಸಿದಳು, ಮತ್ತೆ ಉಬ್ಬಿತು. ಸಂಶಯಕ್ಕೆ ಜಾಗವೇ ಇರಲಿಲ್ಲ. ಎಡಗೈ ನೋಡಿದಳು, ಅಲ್ಲಿರಲಿಲ್ಲ.

ಶಿಲ್ಪಾಳಿಗೆ ಆದ ಸಂತೋಷ ಸಣ್ಣದಲ್ಲ. ಪುಸ್ತಕದ ಒಂದು ಪ್ಯಾರಾದಲ್ಲಿ ಇದ್ದದ್ದು ಚಳ್ಳಕೆರೆಯಲ್ಲಿ ಅವಳ ಕೈಕೆಳಗೆ ಬದುಕಿತ್ತು, ಅಲುಗುತ್ತಿತ್ತು. ಪಾತಣ್ಣನನ್ನು ಒಳಗೆ ಕರೆದು ಎಲ್ಲವನ್ನೂ ಹೇಳಿದಳು. ಇದು ರೋಗವಲ್ಲ, ಗುರುತೂ ಅಲ್ಲ. ಹುಟ್ಟುವಾಗಲೇ ಇತ್ತು. ಮಗ್ಗವೇ ಬೇಕಿಲ್ಲ, ಕಲ್ಲಿನ ಕೆಳಗೆ ಬೆರಳು ಕೊಟ್ಟು ಎತ್ತಿದರೂ ಏಳುತ್ತದೆ. ಎಳೆ ಎತ್ತುವ ಕೆಲಸ ಜಾಸ್ತಿಯಾದಾಗ ನೋಯುತ್ತದೆ, ನಡುನಡುವೆ ಕೈಗೆ ಬಿಡುವು ಕೊಟ್ಟರೆ ಸಾಕು.

ಪಾತಣ್ಣ ತಾಳ್ಮೆಯಿಂದ ಕೇಳಿದ. ಕೇಳಿ, ಹುಟ್ಟಿನಿಂದ ಬಂದಿದ್ದಾದರೆ ಅವರವ್ವನಿಗಿಲ್ಲ, ನನಗಿಲ್ಲ, ಇವಳಿಗೆ ಎಲ್ಲಿಂದ ಬಂತು ಎಂದ. ಹಟ್ಟಿಯಲ್ಲಿ ಬೋರಯ್ಯ ಇದನ್ನೇ ಕೇಳುತ್ತಾನೆ ಎಂದೂ ಸೇರಿಸಿದ. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇರುವುದುಂಟು ಎಂದು ಶಿಲ್ಪಾ ಓದಿದ್ದಳು. ಕೈ ಕೊಡಿ ನೋಡೋಣ ಅಂದಳು.

ನೋಡಬೇಕಾದ ಅಗತ್ಯವೇನೂ ಇರಲಿಲ್ಲ. ಪಾತಣ್ಣನಿಗೆ ನೋವಿರಲಿಲ್ಲ, ಅವನು ತನ್ನನ್ನು ತೋರಿಸಿಕೊಳ್ಳಲು ಬಂದವನೂ ಅಲ್ಲ. ಅವನ ಹೆಸರಿನಲ್ಲಿ ಯಾರೂ ಚೀಟಿ ಬರೆದಿರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರವಾಗುತ್ತದೆ ಎಂದು ಶಿಲ್ಪಾ ಅಂದುಕೊಂಡಳು, ಇನ್ನೊಂದು ಸಿಕ್ಕರೆ ಎಂಬ ಆಸೆಯೂ ಇತ್ತು. ಪಾತಣ್ಣ ದೊಡ್ಡವರು ಕೇಳಿದರೆಂಬ ಒಂದೇ ಕಾರಣಕ್ಕೆ ಕೈ ಚಾಚಿದ. ದಪ್ಪ ಚರ್ಮದ, ಮುಳ್ಳು ಗೀರಿದ ಕೈ. ಹೊರಗೆ ಏನೂ ಕಾಣುತ್ತಿರಲಿಲ್ಲ. ಒಳಗೆ, ಅದೇ ಜಾಗದಲ್ಲಿ, ಮಗಳದ್ದಕ್ಕಿಂತ ಚಿಕ್ಕದೊಂದು ಕದಿರು ಇತ್ತು. ಬೆರಳು ಎತ್ತಿಸಿ ಒತ್ತಿದರೆ ಉಬ್ಬಿತು. ಈಗ ಎಲ್ಲಿ ನೋಡಬೇಕೆಂದು ಗೊತ್ತಾಗಿದ್ದರಿಂದ ಬರಿಗಣ್ಣಿಗೂ ಕಂಡಿತು.

"ನೋಡಿ, ನಿಮ್ಮಿಂದಲೇ ಬಂದಿದೆ," ಎಂದು ಶಿಲ್ಪಾ ತೆರೆಯನ್ನು ಅವನ ಕಡೆ ತಿರುಗಿಸಿದಳು. "ನೀವು ರೇಷ್ಮೆ ಮುಟ್ಟಿದವರಲ್ಲ. ದೇವರ ಕೆಲಸ ಮಾಡಿಕೊಂಡು ಬಂದವರು. ಇದನ್ನು ಬೋರಯ್ಯನವರಿಗೆ ತೋರಿಸಿ."

ಗಂಗಲಕ್ಷ್ಮಿಯ ಮುಖ ಅರಳಿತ್ತು. "ನಾಯನಾ, ನಿಂಗೂ ಐತಲ್ಲ," ಅಂದಳು. ಮನೆಯಲ್ಲಿ ತೆಲುಗು ಆಡುವ ಆ ಕಡೆಯ ಮಕ್ಕಳು ಅಪ್ಪನನ್ನು ಹಾಗೆ ಕರೆಯುತ್ತಾರೆ. ಪಾತಣ್ಣ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಪಂಚೆಗೆ ಜೆಲ್ ಒರೆಸಿಕೊಂಡ. ಒರೆಸಿದ ಮೇಲೂ ಒರೆಸುತ್ತಿದ್ದ. ನನ್ನ ವಿಷಯ ಎಲ್ಲೂ ಬರೀಬೇಡಿ ಎಂದು ಕೇಳಿಕೊಂಡ. ಬರೆಯುವುದಿಲ್ಲ ಎಂದು ಶಿಲ್ಪಾ ಮಾತು ಕೊಟ್ಟಳು, ಬರೆಯಲಿಲ್ಲ. ಮಗಳ ವರದಿಯಲ್ಲಿ ಸ್ನಾಯುವಿನ ಹೆಸರು ಬರೆದು, ಕೊಯ್ಯಬಾರದೆಂದು ಕೆಳಗೆ ಗೆರೆ ಎಳೆದಳು. ಜಂಬುಲಿಂಗಪ್ಪನವರು ಫೋನು ಮಾಡಿ, ತಾವೂ ಇಂಥದ್ದನ್ನು ಕಂಡಿರಲಿಲ್ಲ, ಒಳ್ಳೆಯದಾಯಿತು ಎಂದರು. ಆಪರೇಷನ್ ರದ್ದಾಯಿತು. ಶಿಲ್ಪಾ ಅವತ್ತು ಊಟಕ್ಕೆ ಕೂತಾಗ ಮಾವನಿಗೆ ಚಪ್ಪಟೆ ಪ್ರೋಬಿನ ಲಾಭವನ್ನು ವಿವರಿಸಿದಳು.

ದೀಪಾವಳಿ ಕಳೆದ ಮೇಲೆ ಪಾತಣ್ಣ ಮತ್ತೆ ಬಂದ. ಒಬ್ಬನೇ ಬಂದಿದ್ದ. ಬಸುರಿಯರ ನಡುವೆ ಬೆಂಚಿನ ತುದಿಯಲ್ಲಿ ಕೂತವನನ್ನು ಸುಲೋಚನಮ್ಮ, ಏನಣ್ಣ ನಿನಗೆಷ್ಟು ತಿಂಗಳು ಎಂದು ತಮಾಷೆ ಮಾಡಿದರೂ ಅವನು ನಗಲಿಲ್ಲ. ಒಳಗೆ ಕರೆದಾಗ, ಮಗಳು ನೇಯುತ್ತಿದ್ದಾಳೆ ಎಂದ. ಶಿಲ್ಪಾ ಒಳ್ಳೆಯ ಸುದ್ದಿ ಎಂದಳು. ಅವನು ತಲೆಯಾಡಿಸಿದ. ಆಮೇಲೆ ಉಳಿದದ್ದನ್ನು ಹೇಳಿದ.

ಊರಿಗೆ ಹೋದ ಮೇಲೆ ಬೋರಯ್ಯ ವರದಿಯನ್ನು ಒಪ್ಪಲಿಲ್ಲ. ಗುರುತು ಕೈ ಮೇಲೆ ಇನ್ನೂ ಇದೆಯಲ್ಲ ಎಂದ. ಮಗಳು ಊಟ ಬಿಟ್ಟಳು. ಮಗಳ ಮುಖ ನೋಡಲಾರದೆ ಪಾತಣ್ಣ ಒಂದು ಸೋಮವಾರ ದೇವರ ಮುಂದೆ, ಹಟ್ಟಿಯವರೆಲ್ಲ ಸೇರಿದ್ದಾಗ, ತನ್ನ ಬಲಗೈ ಚಾಚಿದ. ಬೆರಳನ್ನು ಗುಡಿ ಬಾಗಿಲ ಕಂಬಿಯ ಕೆಳಗೆ ಕೊಟ್ಟು ಎತ್ತಿ ತೋರಿಸಿದ. ಇದು ನನ್ನ ಕೈಯಲ್ಲೂ ಇದೆ, ನಾನೇನು ರೇಷ್ಮೆ ಮುಟ್ಟಿದೆನಾ ಎಂದು ಕೇಳಿದ. ಶಿಲ್ಪಾ ಹೇಳಿಕೊಟ್ಟಂತೆಯೇ ಕೇಳಿದ್ದ.

ಜನ ಹತ್ತಿರ ಬಂದು ನೋಡಿದರು. ಬೋರಯ್ಯ ಮುಟ್ಟಿ ನೋಡಿದ. ಸುಳ್ಳೆನ್ನಲಿಲ್ಲ. ಕಂಡದ್ದನ್ನು ಕಂಡಂತೆಯೇ ಒಪ್ಪಿಕೊಂಡು, ಅದರ ಅರ್ಥವನ್ನು ಮಾತ್ರ ಬೇರೆ ಹೇಳಿದ. ಮಗಳು ಮಾಡಿದ್ದು ಅಪ್ಪನ ಕೈಗೂ ಹತ್ತಿದೆ. ಗುರುತು ಇರುವ ಕೈ ದೇವರ ಎತ್ತನ್ನು ಮುಟ್ಟುವ ಹಾಗಿಲ್ಲ. ಅಲ್ಲೇ ಕಿಲಾರಿತನವನ್ನು ಪಾತಣ್ಣನ ದಾಯಾದಿ ರಾಮಾಂಜನೇಯನಿಗೆ ಕೊಟ್ಟರು. ಎತ್ತು ಕಾಯುವ ಮನೆ ಅಲ್ಲದ ಮೇಲೆ ಆ ಮನೆಯ ಹುಡುಗಿ ರೇಷ್ಮೆ ಮುಟ್ಟಿದರೆ ಕೇಳುವವರಿಲ್ಲ. ಹಾಗಾಗಿ ಗಂಗಲಕ್ಷ್ಮಿ ಮಾರನೆಯ ದಿನವೇ ಮಗ್ಗಕ್ಕೆ ಹೋದಳು.

"ರಾಮಾಂಜನೇಯಗೆ ಅವು ಬಗ್ಗಲ್ಲ," ಎಂದ ಪಾತಣ್ಣ. "ನಾನು ದೂರ ನಿಂತು ಕೂಗಿದ್ರೆ ಬರ್ತಾವೆ. ಹತ್ರ ಬಂದ್ರೆ ಮುಟ್ಟಂಗಿಲ್ಲ. ಮೂಸ್ತಾವೆ, ನಿಂತ್ಕಂತಾವೆ. ನಾನು ಹಿಂದಕ್ಕೆ ಸರೀಬೇಕು."

ತಾನು ಬಂದು ಬೋರಯ್ಯನವರ ಹತ್ತಿರ ಮಾತಾಡಲೇ ಎಂದು ಶಿಲ್ಪಾ ಕೇಳಿದಳು. ಅವನು ಬೇಡವೆಂದ. ಅವನು ಬಂದದ್ದು ಬೇರೆ ಕೆಲಸಕ್ಕೆ. ಬಲಗೈಯನ್ನು ದಿಂಬಿನ ಮೇಲೆ ತಾನಾಗಿ ಬೋರಲು ಇಟ್ಟ.

"ಇದನ್ನ ಕೊಯ್ಸಿಕೊಡ್ರಿ," ಅಂದ.

ಕೊಯ್ದರೆ ಬೆರಳು ಏಳದೇ ಇರಬಹುದು ಎಂದು ಶಿಲ್ಪಾ ಮಗಳಿಗೆ ಹೇಳಿದ್ದನ್ನೇ ಅವನಿಗೂ ಹೇಳಿದಳು. ನನಗೆ ಎಳೆ ಎತ್ತುವುದೇನಿದೆ ಎಂದು ಅವನು ಕೇಳಿದ. ಇದು ರೋಗವಲ್ಲ, ಚೆನ್ನಾಗಿರುವ ಮಾಂಸವನ್ನು ಯಾವ ಡಾಕ್ಟರೂ ತೆಗೆಯುವುದಿಲ್ಲ ಎಂದಳು.

"ಮಗಳದ್ದು ತೆಗಿಯಾಕೆ ಆ ಡಾಕ್ಟ್ರು ಒಪ್ಪಿದ್ರಲ್ಲಮ್ಮ."

ಅದು ಗೊತ್ತಿಲ್ಲದೆ ಒಪ್ಪಿದ್ದು, ಈಗ ಗೊತ್ತಿದೆ ಎಂದಳು ಶಿಲ್ಪಾ. ಹಾಗಾದರೆ ಗೊತ್ತಿಲ್ಲದವರ ಹತ್ತಿರ ಹೋದರೆ ತೆಗೆಯುತ್ತಾರೆ ಎಂದ ಪಾತಣ್ಣ. ವ್ಯಂಗ್ಯವಿರಲಿಲ್ಲ, ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಇಲ್ಲ ಎನ್ನಲು ಶಿಲ್ಪಾಳಿಗೆ ಆಗಲಿಲ್ಲ. ಕೈ ಸತ್ತಂತೆ ಇಟ್ಟುಕೊಂಡು, ಗಂಟು ಎಂದು ಹೇಳಿದರೆ, ತೆಗೆಯುವವರು ಬಳ್ಳಾರಿಯಲ್ಲೋ ರಾಯದುರ್ಗದಲ್ಲೋ ಸಿಗುತ್ತಾರೆ. ಅವನು ಎದ್ದ, ಕೈ ಮುಗಿದ, ಹೊರಟ.

ಮುಂದಿನ ಬಸುರಿ ಮಂಚ ಹತ್ತಿ ಮಲಗಿದ್ದಳು. ಶಿಲ್ಪಾ ಮಗುವಿನ ತಲೆಯ ಅಳತೆ ತೆಗೆಯುತ್ತಿರುವಾಗ ಫೋನು ಬಂತು. ಜಂಬುಲಿಂಗಪ್ಪನವರು. ಆ ಹುಡುಗಿಯ ಅಪ್ಪ ಇಲ್ಲಿ ಬಂದು ಕೂತಿದ್ದಾನೆ, ತನ್ನ ಕೈ ಕೊಯ್ಯಿ ಎನ್ನುತ್ತಿದ್ದಾನೆ, ನೀವೇ ಕಳಿಸಿದಿರಾ ಎಂದರು. ಇಲ್ಲ, ಕೊಯ್ಯಬೇಡಿ ಎಂದಳು. ನಾನೇನೋ ಕೊಯ್ಯಲ್ಲಮ್ಮ, ಆದರೆ ಇವನು ನಿಲ್ಲುವ ಹಾಗೆ ಕಾಣುವುದಿಲ್ಲ, ಬಳ್ಳಾರಿ ಬಸ್ಸು ಎಷ್ಟೊತ್ತಿಗೆ ಅಂತ ನರ್ಸ್ ಹತ್ತಿರ ಕೇಳುತ್ತಿದ್ದಾನೆ ಎಂದರು ಅವರು.

ಅಲ್ಲೇ ಕೂರಿಸಿಕೊಳ್ಳಿ, ಬಂದೆ ಎಂದು ಶಿಲ್ಪಾ ಫೋನು ಇಟ್ಟಳು. ಮಗುವಿನ ಅಳತೆ ಮುಗಿಸಿ, ಎಲ್ಲ ಸರಿಯಿದೆ ಎಂದು ಆ ತಾಯಿಗೆ ಹೇಳಿ, ಉಳಿದವರನ್ನು ನೋಡಿಕೊಳ್ಳುವಂತೆ ಸುಲೋಚನಮ್ಮನಿಗೆ ತಿಳಿಸಿ ರಸ್ತೆ ದಾಟಿದಳು. ಶೇಂಗಾ ಹೇರಿದ ಲಾರಿಗಳು ಮಿಲ್ಲಿನ ಕಡೆಗೆ ತಿರುಗುತ್ತಿದ್ದವು. ದಾಟುತ್ತ, ಏನು ಹೇಳಬೇಕೆಂದು ಜೋಡಿಸಿಕೊಂಡಳು. ಅವನು ನರ್ಸಿಂಗ್ ಹೋಮಿನ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಕೂತಳು. ಪಾತಣ್ಣ ಜಾಗ ಬಿಡಲು ಒಂದು ಮೆಟ್ಟಿಲು ಕೆಳಗೆ ಸರಿದ.

"ಬಳ್ಳಾರಿಗೆ ಹೋಗಬೇಡಿ," ಅಂದಳು.

"ಮತ್ತೇನು ಮಾಡಲಿ?"

ಬೋರಯ್ಯನ ಮನಸ್ಸು ಬದಲಾಗಬಹುದು ಎನ್ನಬಹುದಿತ್ತು. ಅವಳಿಗೆ ಅದರಲ್ಲಿ ನಂಬಿಕೆ ಇರಲಿಲ್ಲ, ಹೇಳಲಿಲ್ಲ. ಪಾತಣ್ಣ ರಸ್ತೆಯ ಕಡೆ ನೋಡುತ್ತಿದ್ದ. ಸಿಟ್ಟಿಲ್ಲದೆ, ಮಳೆ ಬೆಳೆಯ ವಿಷಯ ಹೇಳುವವನ ಧ್ವನಿಯಲ್ಲಿ ಹೇಳಿದ:

"ಅವತ್ತು ನನ್ನ ಕೈ ನೋಡದೇ ಇದ್ದಿದ್ರೆ ಚೆನ್ನಾಗಿತ್ತು ಕಣಮ್ಮ. ಮಗಳದ್ದು ನೋಡಿದ್ದು ಸರಿ. ನಂದು ಯಾಕೆ ನೋಡಿದ್ರಿ?"

ನೀವು ಕೇಳಿದಿರಿ, ಎಲ್ಲಿಂದ ಬಂತು ಅಂತ, ಎನ್ನಲು ಹೊರಟಳು. ಅದು ನಿಜವೂ ಹೌದು. ಆದರೆ ಪೂರ್ತಿ ನಿಜವಲ್ಲ.

"ನೋಡಬಾರದಿತ್ತು," ಅಂದಳು ಶಿಲ್ಪಾ.

ಬಳ್ಳಾರಿ ಬಸ್ಸು ಎದುರಿಗೆ ಬಂದು ನಿಂತು, ಜನರನ್ನು ಹತ್ತಿಸಿಕೊಂಡು ಹೋಯಿತು. ಪಾತಣ್ಣ ಏಳಲಿಲ್ಲ. ಮುಂದಿನದಕ್ಕೆ ಏಳುತ್ತಾನೋ ಏನೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗುವವರೆಗೆ ಕೂತಿರೋಣವೆಂದು, ಕಾಯುತ್ತಿದ್ದ ಬಸುರಿಯರನ್ನು ಮಧ್ಯಾಹ್ನದ ಮೇಲೆ ಬರಲು ಹೇಳೆಂದು ರಸ್ತೆಯಾಚೆ ಬಾಗಿಲಲ್ಲಿ ನಿಂತಿದ್ದ ಸುಲೋಚನಮ್ಮನಿಗೆ ಕೈಸನ್ನೆ ಮಾಡಿದಳು.